ಮೂರು ನಲವತ್ತರ ಎಣಿಕೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾನು ‘ಹದಿನಾಲ್ಕು’ ಎಂದೆ. ಕೆಟ್ಟದ್ದು ಶುರುವಾದದ್ದು ಅಲ್ಲಿಂದ. ಗಡಿಯಾರ ನೋಡುತ್ತಲೇ ಹೇಳಿದ ಮಾತಾದ್ದರಿಂದ ಹೊತ್ತು ಇಷ್ಟು ಸರಿಯಾಗಿ ನೆನಪಿದೆ.

ಹೋದ ತಿಂಗಳು ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬರುತ್ತಿದ್ದೆ. ಅಲ್ಲೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಬಾಗಿಲಲ್ಲೇ ಸುಟ್ಟುಹೋದ ಪಂಪ್‌ಸೆಟ್ ಮೋಟಾರು ಬಿಚ್ಚಿಟ್ಟುಕೊಂಡು, ಒಳಗಿನ ಕರಕಲು ತಂತಿಯನ್ನು ಕಿತ್ತು ಹಾಕುತ್ತಿದ್ದರು. ಆ ವಾಸನೆ... ವಾರ್ನಿಷ್ ಸುಟ್ಟು ಗಂಟಲಿಗೆ ಅಂಟಿಕೊಳ್ಳುವ ಕಮಟು. ಕೈಯಲ್ಲಿದ್ದ ತರಕಾರಿ ಚೀಲದ ಸಮೇತ ಎದುರಿನ ಬೇಕರಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಬೇಕರಿಯ ಹುಡುಗ ನೀರು ತಂದುಕೊಟ್ಟು, “ಶುಗರ್ರಾ ಮೇಡಂ?” ಎಂದ. ಹೌದು ಎಂದೆ. ನಲವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನದ ವಾಸನೆ ಎಂದು ಅವನಿಗೆ ಹೇಗೆ ಹೇಳುವುದು.

ಕಡೂರಿನಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಚಿಕ್ಕಪ್ಪನ ಫೋಟೋ ಸ್ಟುಡಿಯೋ ಇತ್ತು. ಅಪ್ಪನಿಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕು. ನಾವು ಚಿಕ್ಕಪ್ಪ ಎನ್ನುತ್ತಿದ್ದೆವು, ಊರವರು ಫೋಟೋದವರು ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಯಲ್ಲೇ ವಾಸ, ಎರಡು ಹೊತ್ತಿನ ಊಟ ನಮ್ಮ ಮನೆಯಲ್ಲಿ. ಪಾಸ್‌ಪೋರ್ಟ್ ಅಳತೆಯ ಫೋಟೋ, ಮದುವೆ, ಶಾಲೆಯ ಗ್ರೂಪ್ ಫೋಟೋ, ಇವೇ ಅವರ ವರ್ಷದ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಇನ್ನೊಂದು ಕೆಲಸ ಬರುತ್ತಿತ್ತು. ಸಿಡಿಲು ಬಡಿದು ದನ ಸತ್ತರೆ ಪರಿಹಾರದ ಅರ್ಜಿಯ ಜೊತೆ ಫೋಟೋ ಇಡಬೇಕು. ಸಿಡಿಲಿನ ಮಾರನೆಯ ಬೆಳಿಗ್ಗೆ ಯಾವುದೋ ಹಳ್ಳಿಯಿಂದ ಯಾರೋ ಸೈಕಲ್ ತುಳಿದುಕೊಂಡು ಬಂದು ಸ್ಟುಡಿಯೋ ಮುಂದೆ ನಿಂತಿರುತ್ತಿದ್ದರು. ಚಿಕ್ಕಪ್ಪ ಹೋಗಿ, ಸತ್ತ ಎತ್ತಿನ ತಲೆಯ ಬಳಿ ಯಜಮಾನನನ್ನೂ ಹಿಂದೆ ಇಬ್ಬರು ಸಾಕ್ಷಿಗಳನ್ನೂ ನಿಲ್ಲಿಸಿ ಫೋಟೋ ತೆಗೆದು ಬರುತ್ತಿದ್ದರು. ಆ ದಿನ ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು.

“ಸತ್ತ್ಮೇಲೆ ಕರೀತಾರೆ ಕಣೇ,” ಎಂದಿದ್ದರು ಒಮ್ಮೆ. “ಒಂದ್ಸಲನಾದ್ರೂ ಅದು ಬರೋಕ್ಕೆ ಮುಂಚೆ ಹೋಗಿ ನಿಂತ್ಕೋಬೇಕು.”

ಹಾಗೆ ಅವರು ಗುಡುಗಿನ ಮೋಡಗಳ ಹಿಂದೆ ಬಿದ್ದರು. ಆ ಫೋಟೋಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. ಗೋಡೆಗೂ ಹಾಕುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಜನಕ್ಕೆ ಅಲ್ಲಾಡಬೇಡಿ ಎಂದು ಹೇಳಿ ಹೇಳಿ ಸಾಕಾಗಿದೆ, ಇದಕ್ಕೆ ಹಾಗೆ ಹೇಳುವವರಿಲ್ಲ ಎಂದು ನಗುತ್ತಿದ್ದರು.

ನಾನು ಆಗ ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ, ಗಂಡು ಹುಡುಕುತ್ತಿದ್ದರು. ಗಂಡಿನ ಕಡೆಗೆ ಕಳಿಸುವ ನನ್ನ ಫೋಟೋವನ್ನು ಚಿಕ್ಕಪ್ಪ ಮೂರು ಸಲ ತೆಗೆದಿದ್ದರು. ಮೊದಲನೆಯದನ್ನು ನೋಡಿ ನಮ್ಮ ಅತ್ತೆ, “ಗಂಡಿನ ಮೇಲೆ ಕೇಸು ಹಾಕೋಳ ಥರ ನೋಡ್ತಾಳಲ್ಲೇ,” ಎಂದಿದ್ದರು. ದಿನವಿಡೀ ನಡುಮನೆ, ಅಡಿಗೆಮನೆ, ಹಿತ್ತಲು. ಸತ್ತ ದನಗಳ ವಿಷಯ ಒಂದು ದಿನ ಊಟದ ಹೊತ್ತಿನಲ್ಲಿ ಬಂತು. ಒಂದೇ ಮರದ ಕೆಳಗೆ ಕಾಲು ಅಗಲಿಸಿ ನಿಂತ ಹಸು ಸಾಯುತ್ತದೆ, ಮುದುರಿ ಮಲಗಿದ ಕರು ಎಷ್ಟೋ ಸಲ ಉಳಿಯುತ್ತದೆ, ಯಾಕೆ ಎಂದು ಅವರು ಕೇಳಿದರು. ಸಿಡಿಲು ಬಿದ್ದಾಗ ನೆಲದಲ್ಲೂ ಕರೆಂಟು ಹರಿಯುತ್ತದೆ, ಒಂದು ಕಾಲಿಗೂ ಇನ್ನೊಂದು ಕಾಲಿಗೂ ದೂರ ಹೆಚ್ಚಿದ್ದಷ್ಟು ಅದು ಮೈಯೊಳಗೆ ಹಾದುಹೋಗುತ್ತದೆ ಎಂದು ವಿವರಿಸಿದೆ. ಚಿಕ್ಕಪ್ಪ ತಟ್ಟೆಯಿಂದ ತಲೆಯೆತ್ತಿ ಅಮ್ಮನ ಕಡೆ ನೋಡಿದರು.

“ಅತ್ತಿಗೆ, ಇವ್ಳು ಓದಿದ್ದು ದಂಡ ಆಗ್ಲಿಲ್ಲ. ಮೋಡಕ್ಕೆ ಹೋಗುವಾಗ ನಂಜೊತೆ ಕಳ್ಸಿ. ಎಣಿಸೋಕೆ ಒಬ್ರು ಬೇಕು.”

“ಮದ್ವೆ ಆಗ್ಬೇಕಾದ ಹುಡ್ಗಿ ಮೋಡದ ಹಿಂದೆ ಓಡಿದ್ರೆ ಯಾರು ಒಪ್ತಾರೆ?”

“ಅಲ್ಲೇ ಯಾವ್ದಾದ್ರೂ ಒಳ್ಳೆ ಗಂಡು ಸಿಕ್ರೆ ಬೇಡ ಅಂತೀರಾ?”

ಅಮ್ಮನಿಗೆ ನಗು ಬಂದುಬಿಟ್ಟಿತು. ನಗು ಬಂದಮೇಲೆ ಅವಳಿಗೆ ಬೇಡ ಎನ್ನಲು ಬರುತ್ತಿರಲಿಲ್ಲ.

ಎಣಿಸುವುದು ಎಂದರೆ ಇಷ್ಟೆ. ಮಿಂಚು ಕಂಡೊಡನೆ ಕೈಗಡಿಯಾರದ ಸೆಕೆಂಡ್ ಮುಳ್ಳು ಹಿಡಿದು ಎಣಿಸಬೇಕು, ಗುಡುಗು ಕೇಳಿದಾಗ ನಿಲ್ಲಿಸಬೇಕು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಹತ್ತಕ್ಕಿಂತ ಕಡಿಮೆಯಾದರೆ ಎಂಥ ಮೋಡವಿದ್ದರೂ ಕ್ಯಾಮೆರಾ ಒಳಗೆ ಹಾಕಿ ಹೊರಡಬೇಕು. ಆ ನಿಯಮ ಅವರೇ ಮಾಡಿದ್ದು. ಅವರ ಕಣ್ಣು ಕ್ಯಾಮೆರಾದಲ್ಲಿ ಇರುತ್ತಿದ್ದುದರಿಂದ ಸಂಖ್ಯೆ ನನ್ನದು.

ಊಟವಾದ ಮೇಲೆ ಸ್ಟುಡಿಯೋದ ತಾರಸಿ ಹತ್ತಿ ಕೆಮ್ಮಣ್ಣುಗುಂಡಿಯ ಕಡೆ ನೋಡುತ್ತಿದ್ದರು. ಬೆಟ್ಟದ ಮೇಲೆ ಹೂಕೋಸಿನಂತೆ ಎದ್ದ ಮೋಡದ ತಲೆ ದೋಸೆಕಲ್ಲಿನ ಹಾಗೆ ಚಪ್ಪಟೆಯಾಗಿ ಹರಡತೊಡಗಿದರೆ ಸ್ಕೂಟರ್ ಹೊರಗೆ ಬರುತ್ತಿತ್ತು. ಮರದ ಕಾಲುಗಳ ಹಳೆಯ ಸ್ಟ್ಯಾಂಡು ನನ್ನ ತೊಡೆಯ ಮೇಲೆ, ಚರ್ಮದ ಕ್ಯಾಮೆರಾ ಚೀಲ ಅವರ ಹೆಗಲಲ್ಲಿ. ಅಮೃತಾಪುರದ ಹತ್ತಿರ ಒಮ್ಮೆ ಸ್ಟ್ಯಾಂಡು ಹೂಡಿದಾಗ ಗದ್ದೆಯಿಂದ ಒಬ್ಬ ಓಡಿಬಂದು, “ಯಾವ ಸರ್ವೆ ಸ್ವಾಮಿ? ನಮ್ ಗದ್ದೆ ಹೋಯ್ತದಾ?” ಎಂದು ಕೇಳಿದ್ದ. ಮೋಡದ ಸರ್ವೆ ಎಂದರು ಚಿಕ್ಕಪ್ಪ. ಆತ ಆಕಾಶ ನೋಡಿ, “ಖಾತೆ ಯಾರ ಹೆಸ್ರಿಗೆ ಮಾಡ್ತೀರಿ ಮತ್ತೆ?” ಎಂದ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕಿದ್ದೆವು. ಮನೆಯಿಂದ ಹೊರಗೆ ನಾನು ಅಷ್ಟು ನಕ್ಕ ದಿನಗಳು ಹೆಚ್ಚಿಲ್ಲ.

ಆ ಮಧ್ಯಾಹ್ನ ಬಂದದ್ದು ಭರಣಿ ಮಳೆಯ ದಿನಗಳಲ್ಲಿ, ಏಪ್ರಿಲ್ ಕೊನೆಗೆ. ಬೀರೂರು ದಾಟಿ ಅಜ್ಜಂಪುರದ ಕಡೆ ಹೋಗಿ, ರಸ್ತೆ ಬಿಟ್ಟು ಗಾಡಿದಾರಿಯಲ್ಲಿ ಒಳಗೆ ನುಗ್ಗಿದೆವು. ಸುತ್ತ ಉತ್ತು ಬಿಟ್ಟಿದ್ದ ಎರೆಹೊಲ. ದೂರದಲ್ಲಿ ಒಂದು ತೆಂಗಿನ ತೋಟ, ಅದರ ಅಂಚಿಗೆ ಬಾವಿ, ಬಾವಿಯ ಮಗ್ಗುಲಿಗೆ ಪಂಪ್‌ಸೆಟ್ ಮನೆ. ಪಶ್ಚಿಮದ ಮೋಡ ಗೋಡೆಯ ಹಾಗೆ ನಿಂತಿತ್ತು. ಅದರ ಬುಡದಲ್ಲಿ ನೀಲಿಗಪ್ಪು ಅಂಚೊಂದು ಸುರುಳಿ ಸುತ್ತಿಕೊಳ್ಳುತ್ತ ಹೊಲಗಳ ಮೇಲೆ ಬರುತ್ತಿತ್ತು. ಚಿಕ್ಕಪ್ಪ ಸ್ಟ್ಯಾಂಡು ಹೂಡಿ ಕ್ಯಾಮೆರಾಕ್ಕೆ ಕಣ್ಣು ಕೊಟ್ಟರು.

ಪಶ್ಚಿಮದಲ್ಲಿ ಮಿಂಚಿತು. ಎಣಿಸತೊಡಗಿದೆ. ಐದಕ್ಕೆ ಒಂದು ಗುಡುಗು ಕೇಳಿತು. ಇಷ್ಟು ಬೇಗ ಬರಲಾರದು, ಇದಕ್ಕೂ ಮೊದಲಿನ ಮಿಂಚಿನದಿರಬೇಕು ಎಂದುಕೊಂಡು ಮುಂದಕ್ಕೆ ಎಣಿಸಿದೆ. ಹದಿನಾಲ್ಕಕ್ಕೆ ಇನ್ನೊಂದು ಕೇಳಿತು. “ಹದಿನಾಲ್ಕು,” ಎಂದೆ. ಮೂರು ನಲವತ್ತು.

ನಮ್ಮ ಬೆನ್ನ ಹಿಂದೆ, ಅಜ್ಜಂಪುರದ ಕಡೆಯಿಂದ, ಇನ್ನೊಂದು ಮೋಡ ಎದ್ದಿತ್ತು. ಐದರ ಗುಡುಗು ಅದರದು. ನಾನು ತಿರುಗಿ ನೋಡಿರಲಿಲ್ಲ.

ಮೊದಲು ಗಾಳಿ ಬಂತು, ಅದರ ಹಿಂದೆಯೇ ಆಲಿಕಲ್ಲು. ಸ್ಕೂಟರ್ ಹತ್ತಿ ಮೂವತ್ತು ಮಾರು ಹೋಗುವಷ್ಟರಲ್ಲಿ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿ ಅಲ್ಲಾಡದೆ ನಿಂತಿತು. ಮುಂದೆಯೂ ಸಿಡಿಲು, ಹಿಂದೆಯೂ ಸಿಡಿಲು. ಪಂಪ್‌ಸೆಟ್ ಮನೆಯ ಬಾಗಿಲಿಂದ ಯಾರೋ ಕೂಗಿದರು.

“ಬರ್ರೀ ಒಳಕ್ಕೆ. ಅಲ್ಲೇನ್ ದೇವ್ರ ದರ್ಶನ ಆಗ್ತೈತಾ?”

ತೋಟದ ಒಡತಿ. ಐವತ್ತರ ಹೆಂಗಸು, ತಲೆಗೆ ಗೋಣಿಚೀಲದ ಕೊಪ್ಪೆ. ನಮ್ಮನ್ನು ಸ್ಟ್ಯಾಂಡು, ಚೀಲದ ಸಮೇತ ಒಳಗೆ ಎಳೆದುಕೊಂಡು, ಗಾಳಿಗೆ ಹೊಡೆದುಕೊಳ್ಳುತ್ತಿದ್ದ ತಗಡಿನ ಬಾಗಿಲನ್ನು ಹಾಕಿದರು. ಕಲ್ಲಿನ ಗೋಡೆ, ತಲೆಗೆ ತಾಗುವ ಜಿಂಕ್ ಶೀಟಿನ ಸೂರು, ಮೂವರು ನಿಂತರೆ ತುಂಬುವ ಜಾಗ. ಮೂಲೆಯಲ್ಲಿ ಮೋಟಾರು, ಗೋಡೆಗೆ ಕಬ್ಬಿಣದ ಸ್ಟಾರ್ಟರ್ ಡಬ್ಬಿ. ಹಿಂದಿನ ಗೋಡೆಯಲ್ಲಿ ಪೈಪು ಇಳಿಯುವ ಕಂಡಿ, ಅದರಾಚೆಗೆ ನೇರ ಬಾವಿ.

“ಹದ್ನಾಲ್ಕು ಅಂದ್ಯಲ್ಲೇ,” ಎಂದರು ಚಿಕ್ಕಪ್ಪ, ಮುಖ ಒರೆಸಿಕೊಳ್ಳುತ್ತ. ತಮಾಷೆಗೆ ಹೇಳಿದ್ದು. ನಾನು ಗಡಿಯಾರದ ಗಾಜು ಒರೆಸತೊಡಗಿದೆ.

ಆಗ ಹೊರಗೆ ಕರೆಂಟು ಕಂಬ ಮುರಿದ ಸದ್ದಾಯಿತು. ನಮ್ಮ ಸೂರಿನ ಮೇಲೆ ಉಗುರಿಂದ ಕೆರೆದಂತೆ ಏನೋ ಜಾರಿಬಂದು ಬಾಗಿಲ ಮೇಲೆ ಬಿತ್ತು. ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ಚಿಟಪಟ ಎಂದು ಆರಿತು.

“ತಂತಿ,” ಎಂದರು ತೋಟದಮ್ಮ.

ಬಾಗಿಲು ಹೊರಗೆ ತೆರೆಯುವಂಥದ್ದು. ಅದರ ಮೇಲೆಯೇ ತಂತಿ. ಹೊಸ್ತಿಲ ಕೆಳಗಿಂದ ನೀರು ಒಳಗೆ ಬರುತ್ತಿತ್ತು. ಗೋಡೆ ಮುಟ್ಟಬೇಡಿ, ಏನನ್ನೂ ಮುಟ್ಟಬೇಡಿ ಎಂದೆ. ಮೂಲೆಯಲ್ಲಿ ಒಂದು ಹಲಗೆ ಇತ್ತು. ಅದರ ಮೇಲೆ ಖಾಲಿ ಗೊಬ್ಬರದ ಚೀಲಗಳನ್ನು ಹಾಸಿ ಮೂವರೂ ಹತ್ತಿ ನಿಂತು, ಒಬ್ಬರ ಭುಜ ಒಬ್ಬರು ಹಿಡಿದುಕೊಂಡೆವು.

ಆಗ ಮೋಟಾರು ಗುಂಯ್ ಎಂದಿತು. ತಿರುಗಲಿಲ್ಲ, ಬರಿಯ ಗುಂಯ್. ಎಂಟು ಎಣಿಸುವಷ್ಟು ಹೊತ್ತು ಗುಂಯ್ಗುಟ್ಟಿ ನಿಂತಿತು.

“ಯಾರು ಸ್ವಿಚ್ ಹಾಕಿದ್ದು?” ಎಂದರು ಚಿಕ್ಕಪ್ಪ.

“ಯಾವಾಗ್ಲೂ ಹಾಕಿದ್ದೇ. ಗುಂಡಿಗೆ ಕಡ್ಡಿ ಸಿಗ್ಸಿದೀನಿ, ಕರೆಂಟು ಬಂದ್ರೆ ತಾನೇ ಓಡ್ಲಿ ಅಂತ. ಬಂದಾಗ್ಲೆಲ್ಲ ಓಡಿಬಂದು ಗುಂಡಿ ಒತ್ತಕ್ಕೆ ಅದೇನ್ ನನ್ ಗಂಡನಾ?”

ಆ ಸೀಮೆಯಲ್ಲಿ ಎಲ್ಲರೂ ಮಾಡುತ್ತಿದ್ದುದೇ ಅದು. ಕರೆಂಟು ಯಾವಾಗ ಬರುತ್ತದೋ ಗೊತ್ತಿರುತ್ತಿರಲಿಲ್ಲ, ಸ್ಟಾರ್ಟರಿನ ಗುಂಡಿಯನ್ನು ಒತ್ತಿ ಕಡ್ಡಿ ಸಿಕ್ಕಿಸಿ ಮನೆಗೆ ಹೋಗಿಬಿಡುತ್ತಿದ್ದರು. ಈಗ ಮೂರು ತಂತಿಯಲ್ಲಿ ಒಂದು ತುಂಡಾಗಿದ್ದರಿಂದ ಮೋಟಾರಿಗೆ ತಿರುಗುವ ಶಕ್ತಿ ಇಲ್ಲ, ಗುಂಯ್ಗುಟ್ಟಿ ಬಿಸಿಯಾಗುವುದಷ್ಟೇ. ಆದರೆ ನಮಗೆ ಅದೊಂದೇ ಗುರುತಾಗಿತ್ತು. ಗುಂಯ್ ಎಂದರೆ ಬಾಗಿಲಲ್ಲಿ ಕರೆಂಟಿದೆ. ಸುಮ್ಮನಿದ್ದರೆ ಇಲ್ಲ. ಎಲ್ಲೋ ದೂರದಲ್ಲಿ ಯಾರೋ ಲೈನಿಗೆ ಕರೆಂಟು ಕೊಟ್ಟು ನೋಡುತ್ತಿದ್ದರು, ಅದು ಮತ್ತೆ ಕಡಿದುಹೋಗುತ್ತಿತ್ತು. ಮತ್ತೆ ಯಾವ ಗಳಿಗೆಯಲ್ಲಿ ಕೊಡುತ್ತಾರೆ ಎಂದು ಯಾರು ಹೇಳಬೇಕು?

“ನಿಂತಾಗ ಹೊರಗೆ ಹಾರಿಬಿಡೋಣ,” ಎಂದರು ಚಿಕ್ಕಪ್ಪ.

“ತಳ್ಳುವಾಗಲೇ ಬಂದ್ರೆ?” ಎಂದೆ.

ಎರಡನೆಯ ಸಲ ಇಪ್ಪತ್ತು ಎಣಿಸುವಷ್ಟು ಹೊತ್ತು ಗುಂಯ್ಗುಟ್ಟಿತು. ಮೂರನೆಯ ಸಲ ನಿಲ್ಲಲೇ ಇಲ್ಲ. ಎಣಿಸುತ್ತ ಎಣಿಸುತ್ತ ನನಗೆ ಲೆಕ್ಕ ತಪ್ಪಿತು. ಮೋಟಾರಿನಿಂದ ಹೊಗೆ ಎದ್ದಿತು. ಆ ಕಮಟು ವಾಸನೆ, ಆ ಹೊಗೆ... ಕಣ್ಣು ಬಿಡಲಾಗಲಿಲ್ಲ. ಕೊನೆಗೆ ಒಳಗೆ ಏನೋ ಪಟ್ ಎಂದು ಸದ್ದು ನಿಂತಿತು. ಕರೆಂಟು ಹೋಯಿತೋ ಮೋಟಾರು ಸುಟ್ಟುಹೋಯಿತೋ ತಿಳಿಯಲಿಲ್ಲ. ಇನ್ನು ಮೇಲೆ ಬಾಗಿಲಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಹೇಳುವಂಥದ್ದು ಯಾವುದೂ ಇರಲಿಲ್ಲ. ಹೊಗೆ ತುಂಬುತ್ತಲೇ ಇತ್ತು.

ತೋಟದಮ್ಮ ಕೆಮ್ಮುತ್ತ, ಎರಡು ಹೊಲದ ಆಚೆ ಟ್ರಾನ್ಸ್‌ಫಾರ್ಮರ್ ಇದೆ, ಅದರ ಕಂಬದ ಹ್ಯಾಂಡಲ್ ಕೆಳಕ್ಕೆಳೆದರೆ ಈ ಲೈನು ಕಡಿಯುತ್ತದೆ, ತಾನು ಎಷ್ಟೋ ಸಲ ಎಳೆದಿದ್ದೇನೆ ಎಂದರು. ಅಲ್ಲಿಗೆ ಒಬ್ಬರು ಹೋಗಬೇಕು. ಹೋಗಬೇಕಾದರೆ ಬಾಗಿಲು ತೆರೆಯಬೇಕು.

ಚಿಕ್ಕಪ್ಪ ಚರ್ಮದ ಚೀಲದಿಂದ ಕ್ಯಾಮೆರಾ ತೆಗೆದು ನೆಲದ ಮೇಲಿಟ್ಟರು. ನೀರಿನಲ್ಲೇ ಇಟ್ಟರು, ನೋಡಲೂ ಇಲ್ಲ. ಖಾಲಿ ಚೀಲವನ್ನು ಎರಡೂ ಕೈಗೆ ಸುತ್ತಿಕೊಂಡು ಮರದ ಸ್ಟ್ಯಾಂಡು ಹಿಡಿದರು.

“ನಾನು ತಳ್ಳಿ ಹಿಡ್ಕೋತೀನಿ. ಮೊದ್ಲು ಅವ್ವ, ಆಮೇಲೆ ನೀನು. ಎರಡೂ ಕಾಲು ಜೋಡಿಸ್ಕೊಂಡು ಹಾರ್ಬೇಕು. ಬದುವಿನ ತನಕ ಹಂಗೇ ಕುಪ್ಪಳಿಸ್ಕೊಂಡು ಹೋಗ್ಬೇಕು. ಕಾಲು ಅಗಲಿಸ್ಬಾರ್ದು.”

“ಈ ವಯಸ್ಸಲ್ಲಿ ಕಪ್ಪೆ ಆಗು ಅಂತೀರಲ್ಲ ಫೋಟೋದವ್ರೇ,” ಎಂದರು ತೋಟದಮ್ಮ. ಆದರೂ ನನ್ನ ಭುಜ ಬಿಟ್ಟು ಹಲಗೆಯ ಅಂಚಿಗೆ ಬಂದರು.

“ನೀವು?” ಎಂದು ಕೇಳಿದೆ.

“ನಾನೂ ಬಂದ್ರೆ ಬಾಗ್ಲು ಯಾರು ಹಿಡ್ಕೋತಾರೆ?”

ಮರದ ಕಾಲುಗಳು ನೆನೆದಿದ್ದವು. ನೆನೆದ ಮರ ಕರೆಂಟು ತಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಳ್ಳಿದರು. ಏನೂ ಆಗಲಿಲ್ಲ. ತೋಟದಮ್ಮ ಸೀರೆ ಎತ್ತಿ ಕಟ್ಟಿ ಹಾರಿದರು, ಕೆಸರಿನಲ್ಲಿ ಕುಪ್ಪಳಿಸುತ್ತ ಹೋದರು. ನಾನು ಹಾರಿದೆ. ಮೂರು ಸಲ ನೆಲಕ್ಕೆ ಕಾಲೂರಿರಬೇಕು. ನಾಲ್ಕನೆಯದಕ್ಕೆ ನನ್ನ ಹಿಂದಿನಿಂದ ನೀಲಿ ಬೆಳಕು ಹೊಲದ ಮೇಲೆ ಬಿತ್ತು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಬದುವಿನ ಮೇಲೆ ನಿಂತು ತಿರುಗಿ ನೋಡಿದೆ. ತೋಟದಮ್ಮ ಆಗಲೇ ಹೊಲದ ನಡುವೆ ಓಡುತ್ತಿದ್ದರು. ಪಂಪ್‌ಸೆಟ್ ಮನೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಸೂರಿನ ಸಂದಿಯಿಂದ ಹೊಗೆ ಬರುತ್ತಿತ್ತು. ನನಗೆ ಹತ್ತಿರ ಹೋಗುವ ಹಾಗಿರಲಿಲ್ಲ. “ಚಿಕ್ಕಪ್ಪ,” ಎಂದು ಕೂಗಿದೆ. ಒಳಗಿಂದ ‘ಊಂ’ ಎಂದ ಹಾಗಾಯಿತು. ಮತ್ತೆ ಕೂಗಿದೆ. ಈ ಸಲ ದನಿ ಬರಲಿಲ್ಲ, ಕಲ್ಲಿಗೆ ಮರ ಬಡಿದ ಸದ್ದು ಬಂತು. ಬಡಿಯುತ್ತಿರಿ, ನಿಲ್ಲಿಸಬೇಡಿ ಎಂದು ಕೂಗಿದೆ. ಟಕ್. ಗಡಿಯಾರ ನೋಡಿದೆ. ಆರು ಸೆಕೆಂಡಿಗೆ ಇನ್ನೊಂದು. ಆಮೇಲೆ ಒಂಬತ್ತಕ್ಕೆ. ಆಮೇಲೆ ಹದಿನೇಳಕ್ಕೆ. ಎರಡು ಕಾಲು ಜೋಡಿಸಿಕೊಂಡು, ಮಳೆಯಲ್ಲಿ, ಎಣಿಸುತ್ತಲೇ ನಿಂತಿದ್ದೆ. ಅರವತ್ತಾಯಿತು, ಎಂಬತ್ತಾಯಿತು... ಮುಂದಿನದು ಬರಲಿಲ್ಲ.

ತೋಟದಮ್ಮ ಹಿಂದಿರುಗಿದಾಗ ನಾನು ಇನ್ನೂ ಎಣಿಸುತ್ತಿದ್ದೆನಂತೆ. “ಎಳ್ದೆ ಕಣವ್ವ, ಎಳ್ದೆ. ಬಾ,” ಎಂದು ಅವರೇ ಮೊದಲು ಬಾಗಿಲಿಗೆ ಕೈ ಹಾಕಿದರು. ನನ್ನ ಕೈ ಮುಂದಕ್ಕೆ ಬರಲಿಲ್ಲ.

ಚಿಕ್ಕಪ್ಪ ಚೀಲಗಳ ಮೇಲೆ ಬಿದ್ದಿದ್ದರು. ಉಸಿರಿತ್ತು. ಹಳ್ಳಿಯವರು ಟ್ರ್ಯಾಕ್ಟರ್ ತಂದು ಹಾಕಿಕೊಂಡು ಹೋದರು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಬಲಗೈಯ ಹೆಬ್ಬೆರಳು, ತೋರುಬೆರಳು ಮಡಿಸಿದ್ದು ಮತ್ತೆ ಬಿಡಿಸಿಕೊಳ್ಳಲಿಲ್ಲ. ಆ ರೀಲು ನೀರಿನಲ್ಲಿ ಹಾಳಾಗಿತ್ತು, ಏನೂ ಮೂಡಲಿಲ್ಲ. ಸ್ಟುಡಿಯೋವನ್ನು ಬೇರೆಯವರು ನಡೆಸತೊಡಗಿದರು. ಚಿಕ್ಕಪ್ಪ ಮುಂದಿನ ಮೇಜಿನ ಹತ್ತಿರ ಕೂತು ಎಡಗೈಯಲ್ಲಿ ಕವರುಗಳ ಮೇಲೆ ಗಿರಾಕಿಗಳ ಹೆಸರು ಬರೆಯುತ್ತಿದ್ದರು. ಬೇಸಗೆಯ ಮಧ್ಯಾಹ್ನ ಮೋಡ ಗುಡುಗಿದರೆ ಎದ್ದು ಹಿಂದಿನ ಕೋಣೆಗೆ ಹೋಗುತ್ತಿದ್ದರು.

ನನಗೆ ಮದುವೆಯಾಯಿತು, ತರೀಕೆರೆಯಲ್ಲಿ ಹೈಸ್ಕೂಲು ಕೆಲಸ ಸಿಕ್ಕಿತು. ಆರು ವರ್ಷ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಲಿಲ್ಲ. ಪಕ್ಕದ ಹಿಟ್ಟಿನ ಗಿರಣಿ, ಯಾರದೋ ಮನೆಯ ಫ್ಯಾನು, ಏನು ಗುಂಯ್ ಎಂದರೂ ಎದ್ದು ಕೂತು ಎಣಿಸುತ್ತಿದ್ದೆ. ಯಾವ ಸಂಖ್ಯೆಗೆ ನಿಲ್ಲಿಸಬೇಕು ಎಂದು ಗೊತ್ತಿರುತ್ತಿರಲಿಲ್ಲ. ಗಂಡ ಮೊದಮೊದಲು ಏನಾಯಿತು ಎಂದು ಕೇಳುತ್ತಿದ್ದರು, ಆಮೇಲೆ ಕೇಳುವುದು ಬಿಟ್ಟರು. ಐದಕ್ಕೆ ಗುಡುಗು ಕೇಳಿತ್ತು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಡೂರಿಗೆ ಹೋದಾಗಲೆಲ್ಲ ಚಿಕ್ಕಪ್ಪನ ಮೇಜಿನ ಮುಂದೆ ಕೂತು, ಆ ಬೆರಳುಗಳನ್ನು ನೋಡಿ, ಬೇರೇನೋ ಮಾತಾಡಿ ಎದ್ದುಬರುತ್ತಿದ್ದೆ.

ಆರನೆಯ ವರ್ಷ, ಬೇಸಗೆ ರಜೆಯಲ್ಲಿ ಒಂದು ಮಧ್ಯಾಹ್ನ ಹೇಳಿಬಿಟ್ಟೆ. ಸ್ಟುಡಿಯೋದಲ್ಲಿ ಬೇರೆ ಯಾರೂ ಇರಲಿಲ್ಲ. ಎರಡು ಮೋಡ ಇದ್ದವು, ನಾನು ಒಂದನ್ನೇ ನೋಡಿದೆ, ಐದನ್ನು ಬಿಟ್ಟು ಹದಿನಾಲ್ಕು ಎಂದೆ, ನಿಮ್ಮ ಕೈ ಹೋದದ್ದು ನನ್ನಿಂದ ಎಂದೆ. 

ಚಿಕ್ಕಪ್ಪ ಬರೆಯುತ್ತಿದ್ದ ಕವರನ್ನು ಪಕ್ಕಕ್ಕಿಟ್ಟರು.

“ನಂಗೆ ಗೊತ್ತಿತ್ತಲ್ಲೇ. ನಾನೂ ಎಣಿಸ್ತಿದ್ದೆ.”

ನನಗೆ ಅರ್ಥವಾಗಲಿಲ್ಲ.

“ಬಾಯೊಳಗೇ ಎಣಿಸ್ತಿದ್ದೆ, ಮೊದ್ಲಿಂದಾನೂ. ಐದಕ್ಕೆ ಕೇಳಿಸ್ತು. ತಿರುಗಿನೂ ನೋಡ್ದೆ. ನೀನು ಹದ್ನಾಲ್ಕು ಅಂದ್ಯಲ್ಲ, ಸರಿ ಅಂದ್ಕೊಂಡು ನಿಂತ್ಕೊಂಡೆ.”

“ಗೊತ್ತಿದ್ದೂ ಯಾಕೆ ನಿಂತ್ರಿ?”

ಕವರನ್ನು ಎಡಗೈಯಿಂದ ಮತ್ತೆ ಮುಂದಕ್ಕೆ ಎಳೆದುಕೊಂಡರು. “ಮೋಡ ಅಷ್ಟು ಚೆನ್ನಾಗಿತ್ತು ಕಣೇ.”

ಅವರು ತರಿಸಿದ ಕಾಫಿಯನ್ನು ಕುಡಿಯದೆ ಎದ್ದೆ. ಬೀದಿ ದಾಟಿ ಮನೆಗೆ ಬಂದೆ. ಆರು ವರ್ಷ ನಾನು ಹೊತ್ತುಕೊಂಡದ್ದನ್ನು ಅವರು ಒಂದು ದಿನವಾದರೂ ಕೇಳಿ ಇಳಿಸಬಹುದಿತ್ತು. ನಾನು ಹೊತ್ತಿದ್ದೇನೆಂದು ಅವರಿಗೆ ತಿಳಿದೇ ಇರಲಿಲ್ಲವೇನೋ... ಅಥವಾ ತಿಳಿದೂ, ಹೇಳಲು ನಾಚಿಕೆಯಾಯಿತೋ. ಅದನ್ನು ಕೇಳುವಷ್ಟು ನನ್ನ ಸಿಟ್ಟು ಇಳಿಯುವ ಹೊತ್ತಿಗೆ ಅವರು ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ, ನಾನು ತರೀಕೆರೆಯಲ್ಲಿದ್ದಾಗ, ಹೃದಯ ನಿಂತು ಹೋದರು. ಕೊನೆಯ ಸಲ ನಾನು ಅವರಿಗೆ ಬೆನ್ನು ತೋರಿಸಿ ಬಂದದ್ದೇ ಉಳಿಯಿತು. ನನಗೀಗ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಅವರ ಮೇಲೆ ಸಿಟ್ಟೂ ಇದೆ, ಅವರು ಹಿಡಿದುಕೊಂಡಿದ್ದ ಬಾಗಿಲಿನಿಂದ ನಾನು ಹೊರಗೆ ಬಂದೆ ಎಂಬುದೂ ಇದೆ. ಎರಡರಲ್ಲಿ ಒಂದನ್ನು ಬಿಡಲು ನನಗೆ ಆಗಿಲ್ಲ.

ಕಾಫಿ ಬಿಟ್ಟು ಬಂದ ಆ ದಿನ ಸಂಜೆ ಊಟ ಬೇಡವೆಂದು ನಡುಮನೆಯ ಚಾಪೆಯ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಬಾಗಿಲು ದಾಟಿ ನನ್ನ ಕಾಲಿನ ತನಕ ಬಂದಿತ್ತು. ಅಮ್ಮ ತಲೆಬದಿಯಲ್ಲಿ ಕೂತಿದ್ದಳು.

“ರಾತ್ರಿ ದೊಡ್ಡ ಗುಡುಗು ಕಣೇ,” ಎಂದಳು. “ನಿಂಗೆ ಎಚ್ಚರಾನೇ ಆಗ್ಲಿಲ್ಲ.”